ಮೂರು ಹೆಜ್ಜೆಗೆ ಆಕಾಶಮಾರ್ಗ

ಅಂತೂ ಶಾಲೆಯ ಪ್ರಿಂಟರ್ ಕೂಡ ಮೋಡವೇರಿತು, ಅಂದರೆ ‘ಕ್ಲೌಡ್’ ಎಂದು ಕರೆಯುವ ಇಂಟರ್ನೆಟ್ಟಿನಾಚೆಯ ಕಂಪ್ಯೂಟರ್‌ಗಳ ವಶವಾಯಿತು. ಹಾಜರಿ ಪುಸ್ತಕ ಮೊದಲೇ ಹೋಗಿತ್ತು, ಅಂಕಪಟ್ಟಿ ಅದರ ಹಿಂದೆಯೇ ಹೊರಟಿತ್ತು. ನೆಲ ಬಿಟ್ಟು ಏಳದೆ ಹಟ ಹಿಡಿದು ಕುಳಿತಿದ್ದುದು ಸಿಬ್ಬಂದಿ ಕೊಠಡಿಯ ಮೂಲೆಯ ಆ ಭಾರದ ಯಂತ್ರ ಒಂದೇ. ಇನ್ನು ಮುದ್ರಣವೆಲ್ಲ ಆ ಮೋಡದ ಮೂಲಕವೇ ಎಂದು ಶಾಲೆಯಲ್ಲಿ ಸುತ್ತೋಲೆ ಹೊರಟಿದೆ, ಅದನ್ನು ಪೂರ್ತಿ ಒಪ್ಪಿಸುವುದಿಲ್ಲ. ಆದರೆ ‘ಎಲ್ಲಿಂದ ಬೇಕಾದರೂ ಮುದ್ರಿಸಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ ಆ ವಾಕ್ಯವನ್ನು ಬರೆದವರಿಗೆ ಒಂದು ನಮಸ್ಕಾರ ಸಲ್ಲಿಸದೆ ಮುಂದೆ ಹೋಗಲು ಮನಸ್ಸು ಬಾರದು. ಶಿಕ್ಷಕರು ಪ್ರಿಂಟ್ ಕೊಡುವುದು ಪ್ರಿಂಟರ್‌ನಿಂದ ಮೂರು ಹೆಜ್ಜೆ ಆಚೆಗಿನ ಮೇಜಿನಿಂದ. ಹಿಮಾಲಯದ ತುದಿಯಿಂದ ಏಳನೆಯ ತರಗತಿಯ ಗಣಿತದ ಕಿರುಪರೀಕ್ಷೆಯನ್ನು ಮುದ್ರಿಸಬೇಕೆಂದು ಇದುವರೆಗೆ ಯಾವ ಮೇಷ್ಟರೂ ಅರ್ಜಿ ಹಾಕಿದ್ದನ್ನು ನಾನು ಕೇಳಿಲ್ಲ.

ಆ ಮೂರು ಹೆಜ್ಜೆಯನ್ನು ಕಡತವು ಈ ಹಿಂದೆ ಕೊಠಡಿಯ ಗೋಡೆಗುಂಟ ಹಾದ ತಂತಿಯಲ್ಲಿ ಸದ್ದಿಲ್ಲದೆ ದಾಟುತ್ತಿತ್ತು. ಈಗ ಅದು ಶಾಲೆಯ ಗೇಟು ದಾಟಿ, ಸಮುದ್ರದಡಿಯ ಕೇಬಲ್ಲನ್ನೂ ಬೇಕಾದರೆ ಹಾದು, ಯಾವುದೋ ದತ್ತಾಂಶ ಕೇಂದ್ರದ ತಣ್ಣಗಿನ ಕೋಣೆಯಲ್ಲಿ ತನ್ನ ಗುರುತನ್ನು ಸಾಬೀತುಪಡಿಸಿ, ಸರದಿಯಲ್ಲಿ ಕಾದು, ಬಂದ ದಾರಿಯಲ್ಲೇ ಹಿಂದಿರುಗಿ, ಹೊರಟ ಮೇಜಿನ ಪಕ್ಕದಲ್ಲೇ ಕಾಗದವಾಗಿ ಬೀಳಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದವನಾದರೂ ಬೇರೊಂದು ಊರು ಸೇರಿದ್ದ. ಇದು ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಎಲ್ಲ ವ್ಯವಸ್ಥೆಗಳೂ ಹೀಗಲ್ಲ, ಕೆಲವದರಲ್ಲಿ ಕಡತವು ಶಾಲೆಯ ಜಾಲದಲ್ಲೇ ಉಳಿದು ಅನುಮತಿ ಮಾತ್ರ ಮೇಲಿನಿಂದ ಇಳಿಯುತ್ತದೆ ಎಂದು ಬಲ್ಲವರು ತಿದ್ದುತ್ತಾರೆ. ಒಪ್ಪಿದೆ. ಹಾಗಾದರೆ ಇಂಟರ್ನೆಟ್ ಕೈಕೊಟ್ಟ ದಿನ ಕಡತ ಇಲ್ಲಿದೆ, ಕಾಗದ ಇಲ್ಲಿದೆ, ಯಂತ್ರ ಇಲ್ಲಿದೆ, ಮೇಷ್ಟರೂ ಇಲ್ಲಿದ್ದಾರೆ. ಅಪ್ಪಣೆಯೊಂದು ಮಾತ್ರ ಮೋಡದಲ್ಲಿದೆ.

ನ್ಯಾಯವಾಗಿ ಹೇಳಬೇಕೆಂದರೆ ಹಳೆಯ ಏರ್ಪಾಡೇನೂ ಸ್ವರ್ಗವಾಗಿರಲಿಲ್ಲ. ಒಂದೊಂದು ಮಾದರಿಗೂ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಒಂದೊಂದನ್ನು ಹುಡುಕಿ ತುಂಬುತ್ತ, ಎಲ್ಲರ ಪ್ರಿಂಟ್‌ಗಳನ್ನು ಯಂತ್ರಕ್ಕೆ ದಾಟಿಸುವ ಪ್ರಿಂಟ್ ಸರ್ವರ್ ಎಂಬ ಮುದಿ ಪೆಟ್ಟಿಗೆಯನ್ನು ಉಪಚರಿಸುತ್ತ ಶಾಲೆಯ ಕಂಪ್ಯೂಟರ್ ನೋಡಿಕೊಳ್ಳುವವರು ಪಟ್ಟ ಪಾಡು ಸಣ್ಣದಲ್ಲ. 2021ರಲ್ಲಿ ವಿಂಡೋಸ್‌ನ ಪ್ರಿಂಟ್‌ಗಳನ್ನು ಸರದಿಯಲ್ಲಿಡುವ ‘ಪ್ರಿಂಟ್ ಸ್ಪೂಲರ್’ ಎಂಬ ಭಾಗದಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಭದ್ರತಾ ಬಿರುಕು ಕಾಣಿಸಿಕೊಂಡಾಗ ಅವರ ನಿದ್ದೆ ಕೆಟ್ಟದ್ದೂ ನಿಜ. ಅವರ ತಲೆನೋವು ಇಳಿದಿದ್ದರೆ ನನಗೂ ಸಂತೋಷವೇ. ಆದರೆ ಸಿಬ್ಬಂದಿ ಕೊಠಡಿಯವರು ವರ್ಷಗಟ್ಟಲೆ ಹೇಳಿಕೊಂಡು ಬಂದ ದೂರುಗಳಾದರೂ ಯಾವುವು? ಟೋನರ್ ಮುಗಿದು ಹದಿನೈದು ದಿನವಾಯಿತು, ಎರಡನೆಯ ಟ್ರೇಯ ರೋಲರ್ ಸವೆದು ಒಂದು ಹಾಳೆಯ ಬದಲು ಮೂರನ್ನು ಎಳೆಯುತ್ತದೆ, ಕಾಗದದ ಬೀರುವಿನ ಬೀಗದ ಕೈ ರಜೆಯ ಮೇಲಿರುವವರ ಬಳಿ ಇದೆ, ಇಷ್ಟೇ ತಾನೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಟೋನರ್ ಕೇಳಿದವರಿಗೆ ಮೋಡ ಕೊಟ್ಟರು. ರೋಲರ್ ಈಗಲೂ ಮೂರು ಹಾಳೆಯನ್ನೇ ಎಳೆಯುತ್ತದೆ.

ಹಾಳೆ ಸಿಕ್ಕಿಕೊಳ್ಳುವ ಮಾತು ಬಂದಾಗಲೆಲ್ಲ ನನಗೆ ತಂತ್ರಾಂಶ ಬರೆಯುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ನೆನಪಾಗುತ್ತಾರೆ. 1980ರ ಸುಮಾರಿಗೆ ಅವರು ಕೆಲಸ ಮಾಡುತ್ತಿದ್ದ, ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂದಿತು. ಅದರಲ್ಲೂ ಹಾಳೆ ಸಿಕ್ಕಿಕೊಳ್ಳುತ್ತಿತ್ತು, ಅದೂ ಬೇರೆ ಮಹಡಿಯಲ್ಲಿ ಕುಳಿತಿದ್ದವರಿಗೆ ತಿಳಿಯದಂತೆ. ಹಿಂದಿನ ಪ್ರಿಂಟರ್‌ನ ತಂತ್ರಾಂಶವನ್ನು ತಿದ್ದಿ, ಯಂತ್ರ ನಿಂತ ಕೂಡಲೇ ಕಾಯುತ್ತಿರುವವರಿಗೆ ಸಂದೇಶ ಹೋಗುವಂತೆ ಮಾಡಿದ್ದವರೇ ಸ್ಟಾಲ್‌ಮನ್. ಹಾಗೆಯೇ ತಿದ್ದಲು ಹೊಸದರ ಮೂಲ ಸಂಕೇತವನ್ನು, ಅಂದರೆ ತಂತ್ರಾಂಶ ಬರೆದ ಮೂಲ ಪಠ್ಯವನ್ನು, ಕೇಳಿದಾಗ, ಅದನ್ನು ಇಟ್ಟುಕೊಂಡಿದ್ದವರೊಬ್ಬರು ಯಾರಿಗೂ ಕೊಡಬಾರದೆಂಬ ಕರಾರನ್ನು ಮುಂದೆ ಮಾಡಿ ಕೊಡಲು ನಿರಾಕರಿಸಿದರು. ಆ ಸಿಟ್ಟು ಆರಲೇ ಇಲ್ಲ. 1983ರಲ್ಲಿ ಅವರು ಘೋಷಿಸಿದ, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ತಂತ್ರಾಂಶದ ಗ್ನೂ ಯೋಜನೆಗೆ, ಮುಂದೆ ಮುಕ್ತ ತಂತ್ರಾಂಶ ಚಳವಳಿಗೆ, ಆ ಪ್ರಿಂಟರ್ ಕೂಡ ಒಂದು ಕಾರಣವಾಯಿತು. ಈಗ ನೋಡಿ, ಅವರು ಬಯಸಿದ್ದು ಕೈಗೂಡಿದೆ. ನಮ್ಮ ಯಂತ್ರದಲ್ಲಿ ಹಾಳೆ ಸಿಕ್ಕಿಕೊಂಡರೆ ಇಮೇಲ್ ಬರುತ್ತದೆ, ಮೊಬೈಲ್ ಗುಂಯ್‌ಗುಡುತ್ತದೆ, ಪರದೆಯ ಮೇಲೆ ಕೆಂಪು ಬಿಲ್ಲೆ ಮಿನುಗುತ್ತದೆ. ಮುಚ್ಚಳ ತೆರೆದು ಸಿಕ್ಕ ಹಾಳೆಯನ್ನು ಹರಿಯದಂತೆ ಎಳೆಯಬಲ್ಲ ಅಟೆಂಡರ್ ಒಬ್ಬರಿದ್ದರು. ‘ಎಲ್ಲವೂ ದೂರದಿಂದಲೇ ನಿರ್ವಹಣೆ’ ಎಂದಾದ ಮೇಲೆ ಅವರನ್ನು ಬೇರೆ ಕೆಲಸಕ್ಕೆ ಹಾಕಲಾಗಿದೆ. ದೂರದಿಂದ ಹಾಳೆ ಎಳೆಯುವ ವಿದ್ಯೆಯನ್ನು ಇನ್ನೂ ಯಾರೂ ಕಂಡುಹಿಡಿದಂತಿಲ್ಲ.

ಇನ್ನು ಮೋಡದ ಆಯುಷ್ಯ. ಗೂಗಲ್ ತನ್ನ ಕ್ಲೌಡ್ ಪ್ರಿಂಟ್ ಸೇವೆಯನ್ನು 2010ರಲ್ಲಿ ‘ಬೀಟಾ’ ಎಂದು, ಅಂದರೆ ಪ್ರಯೋಗಾರ್ಥವಾಗಿ, ತೆರೆಯಿತು. 2020ರ ಡಿಸೆಂಬರ್ 31ರಂದು ಮುಚ್ಚುವ ದಿನವೂ ಅದು ಬೀಟಾ ಆಗಿಯೇ ಇತ್ತು. ಅದನ್ನು ನಂಬಿ ತರಗತಿಗಳಿಗೆ ಕ್ರೋಮ್‌ಬುಕ್ ಎಂಬ ಲ್ಯಾಪ್‌ಟಾಪ್ ಹಂಚಿದ್ದ ಶಾಲೆಗಳು ಬೇರೆ ದಾರಿ ಹುಡುಕಬೇಕಾಯಿತು. ಮರುವರ್ಷವೇ ಮೈಕ್ರೋಸಾಫ್ಟ್‌ನ ಯೂನಿವರ್ಸಲ್ ಪ್ರಿಂಟ್ ಎಂಬ ಇಂಥದೇ ಸೇವೆ ಬಂದಿತು. ಚಂದಾದ ಜೊತೆಯಲ್ಲಿ ಒಬ್ಬರಿಗೆ ತಿಂಗಳಿಗೆ ಐದು ಜಾಬ್‌ಗಳ, ಅಂದರೆ ಐದು ಸಲ ಪ್ರಿಂಟ್ ಕೊಡುವುದರ, ಲೆಕ್ಕವಿತ್ತು. ಮುಂದೆ ಅದನ್ನು ಸಡಿಲಿಸಿದರೆನ್ನಿ, ಆದರೂ ಆ ಐದು ಎಂಬ ಸಂಖ್ಯೆಯ ಮೇಲೆ ನನಗೆ ವಿಶೇಷ ಪ್ರೀತಿ. ಕಿರುಪರೀಕ್ಷೆ, ಅದರ ತಿದ್ದುಪಡಿ, ತಿದ್ದುಪಡಿಯ ತಿದ್ದುಪಡಿ, ಪಾಲಕರಿಗೊಂದು ಪತ್ರ, ಆ ಪತ್ರದಲ್ಲಿ ದಿನಾಂಕ ತಪ್ಪಾದದ್ದಕ್ಕೆ ಇನ್ನೊಂದು ಪತ್ರ: ಮೊದಲ ಸೋಮವಾರದ ಮಧ್ಯಾಹ್ನಕ್ಕೆ ತಿಂಗಳು ಮುಗಿಯಿತು.

ಬೆಳಗಿನ ಮೊದಲ ಅವಧಿಗೆ ಹತ್ತು ನಿಮಿಷ ಮುಂಚೆ ಆ ಕೊಠಡಿಗೆ ಒಮ್ಮೆ ಹೋಗಿ ನಿಲ್ಲಿ. ಪ್ರಿಂಟ್ ಕೊಟ್ಟ ಮಾತ್ರಕ್ಕೆ ಹಾಳೆ ಬರುವುದಿಲ್ಲ. ಯಂತ್ರದ ಮುಂದೆ ನಿಂತು ಕಾರ್ಡ್ ತೋರಿಸಬೇಕು, ಇಲ್ಲವೇ ಪಿನ್ ಒತ್ತಬೇಕು. ಪ್ರಶ್ನೆಪತ್ರಿಕೆ ಅನ್ಯರ ಕೈಗೆ ಸಿಗಬಾರದೆಂಬ ಎಚ್ಚರ ಒಳ್ಳೆಯದೇ, ಅದನ್ನು ತೆಗಳಲಾರೆ. ಆದರೆ ಪಾಸ್‌ವರ್ಡ್‌ನ ಅವಧಿ ನಿನ್ನೆಯೇ ಮುಗಿದಿರುತ್ತದೆ. ಹೊಸದನ್ನು ಪಡೆಯಲು ಮೊಬೈಲ್‌ಗೆ ಬರುವ ಸಂಖ್ಯೆ ಬೇಕು, ಮೊಬೈಲ್‌ ಇನ್ನೊಂದು ಸುತ್ತೋಲೆಯ ಪ್ರಕಾರ ಲಾಕರ್‌ನಲ್ಲಿದೆ. ಹಿಂದೆ ಆರು ಜನ ಕಾಯುತ್ತಿದ್ದಾರೆ. ಹೇಗೋ ಹಾಳೆ ಹೊರಬಂದರೆ ಕನ್ನಡದ ಒತ್ತಕ್ಷರಗಳೆಲ್ಲ ಚೌಕದ ಡಬ್ಬಿಗಳಾಗಿರುತ್ತವೆ, ಏಕೆಂದರೆ ಎಲ್ಲ ಪ್ರಿಂಟರ್‌ಗಳಿಗೂ ಒಂದೇ ಎಂಬ ಆ ಡ್ರೈವರ್‌ಗೆ ಈ ಫಾಂಟಿನ ಪರಿಚಯವಿಲ್ಲ.

ಇಲ್ಲಿಗೆ ನನ್ನ ನಗು ನಿಲ್ಲುತ್ತದೆ. ಈ ಬದಲಾವಣೆಯನ್ನು ತೀರ್ಮಾನಿಸಿದ ಸಭೆಯಲ್ಲಿ ಪ್ರತಿದಿನ ಪ್ರಿಂಟ್ ತೆಗೆಯುವವರು ಒಬ್ಬರೂ ಇರಲಿಲ್ಲ. ಕೆಲಸ ಕಡಿಮೆಯಾಗುತ್ತದೆ ಎಂದರು. ಕಡಿಮೆಯಾದದ್ದು ಯಾರದೆಂದು ಕೇಳಿದರೆ ಉತ್ತರವಿಲ್ಲ. ಸರ್ವರ್ ನೋಡಿಕೊಳ್ಳುವ ಹೊರೆಯನ್ನು ಇಳಿಸಿ ಚೂರುಚೂರು ಮಾಡಿ, ಒಂದೊಂದು ಚೂರನ್ನು ಒಬ್ಬೊಬ್ಬ ಶಿಕ್ಷಕರ ಬೆಳಗಿನೊಳಗೆ ತುರುಕಿದ್ದಾರೆ. ಆ ಹತ್ತು ನಿಮಿಷ ಯಾವ ಲೆಕ್ಕಪತ್ರದಲ್ಲೂ ವೆಚ್ಚವೆಂದು ಕಾಣುವುದಿಲ್ಲ. ಕೆಟ್ಟಿತೆಂದು ದೂರು ಕೊಟ್ಟರೆ ‘ತಾವು ಸರಿಯಾಗಿ ತರಬೇತಿ ಪಡೆದಿಲ್ಲವೆ?’ ಎಂಬ ಮರುಪ್ರಶ್ನೆ ಬರುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಹಾಳೆಯೊಂದನ್ನು ಪಡೆಯಲು ತರಬೇತಿ ಬೇಕಾದರೆ, ದಡ್ಡರು ಅವರಲ್ಲ.

ವ್ಯವಸ್ಥೆ ಮಾತ್ರ ತನ್ನ ಲೆಕ್ಕದಲ್ಲಿ ಎಲ್ಲೂ ಸೋಲುವುದಿಲ್ಲ. ಮೊನ್ನೆ ಬೆಳಿಗ್ಗೆ ಒಬ್ಬ ಮೇಡಂ ನಲವತ್ತು ಪ್ರತಿಗಳಿಗೆ ಪ್ರಿಂಟ್ ಕೊಟ್ಟು, ಬಾರದಿದ್ದಾಗ ಮತ್ತೆ ನಾಲ್ಕು ಬಾರಿ ಕೊಟ್ಟು, ಕೊನೆಗೆ ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು ಪರೀಕ್ಷೆ ಮುಗಿಸಿದರು. ಸಂಜೆ ಮನೆಗೆ ಹೊರಡುವ ಮುನ್ನ ಏನಾಯಿತೋ ನೋಡೋಣವೆಂದು ಕಾರ್ಡ್ ತೋರಿಸಿದರು. ಐದು ಬಾರಿ ಕೊಟ್ಟದ್ದೂ ಕಾದು ಕುಳಿತಿತ್ತು. ಇನ್ನೂರು ಹಾಳೆ ಒಂದರ ಹಿಂದೊಂದು ಬೆಚ್ಚಗೆ ಹೊರಬಂದವು. ಕಾಗದ ಉಳಿಸಿ ಮರ ಕಾಪಾಡಿದ ಬಗೆಯನ್ನು ತೋರಿಸುವ ಪರದೆಯ ಮೇಲೆ ಅವರ ಹೆಸರಿನ ಮುಂದೆ ಐದು ಹಸಿರು ಗುರುತುಗಳು ಬಿದ್ದವು: ಯಶಸ್ವಿ, ಯಶಸ್ವಿ, ಯಶಸ್ವಿ, ಯಶಸ್ವಿ, ಯಶಸ್ವಿ.