ಎರಡನೇ ಕೂಲರ್

ನಳ ಬಂದಾಗಲೇ ಫೋನೂ ಬರಬೇಕಾ? ನಮ್ಮ ಓಣಿಯಲ್ಲಿ ನೀರು ಬಿಡುವ ದಿನ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಕಲಬುರಗಿಯಲ್ಲಿ ಹುಟ್ಟಿ ಬೆಳೆದ ಅಣ್ಣನ ಮಗನಿಗೆ ಇದು ಗೊತ್ತಿರಬೇಕು. ಆದರೆ ಬಾಸ್ಟನ್ನಿನಲ್ಲಿ ಅವನಿಗೆ ರಾತ್ರಿ, ಊಟ ಆಗಿದೆ, ಪುರಸೊತ್ತಿದೆ.

"ಕಾಕಾ, ನೀವಾಗಿದ್ರ ಏನ್ ಮಾಡ್ತಿದ್ರಿ? ಆ ಹುಡುಗನ್ನ ಇಟ್ಕೋತಿದ್ರೋ, ಕೊಟ್ಟುಬಿಡ್ತಿದ್ರೋ?"

ಯಾವ ಹುಡುಗ ಅಂತ ಗಾಬರಿಯಾದೆ. ನೋಡಿದರೆ ಜಿಮ್ಮಿ ಗರೊಪೊಲೊ. 2017ರಲ್ಲಿ ಅಮೆರಿಕನ್ ಫುಟ್‌ಬಾಲಿನ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದಲ್ಲಿ ಟಾಮ್ ಬ್ರೇಡಿಯ ಹಿಂದೆ ಬೆಂಚಿನ ಮೇಲೆ ಕೂತಿದ್ದ, ಚೆಂಡು ಎಸೆದು ಆಟ ನಡೆಸುವವನು, ಅಂದರೆ ಕ್ವಾರ್ಟರ್‌ಬ್ಯಾಕ್. ಇಷ್ಟು ವರ್ಷವಾದರೂ ಇವನಿಗೆ ಆ ಸಂಕಟ ಹೋಗಿಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದಕ್ಕೆ ಫುಟ್‌ಬಾಲ್ ಅನ್ನುವ ಜನ, 60 ನಿಮಿಷದ ಆಟವನ್ನು ಮೂರು ತಾಸು ಎಳೆಯುವ ಜನ, ಅವರ ಪಂಚಾಯ್ತಿ ನನಗ್ಯಾಕೆ? ಆದರೂ ಪೈಪನ್ನು ಡ್ರಮ್ಮಿಗೆ ಹಾಕಿ ಕೇಳುತ್ತಾ ನಿಂತೆ.

ಬ್ರೇಡಿಗೆ ಆಗ 40 ವರ್ಷ, ಆಟ ಮಾತ್ರ ಇಳಿದಿಲ್ಲ. ಹುಡುಗನ ಒಪ್ಪಂದ ಆ ಹಂಗಾಮಿಗೆ ಮುಗಿಯುವುದರಲ್ಲಿತ್ತು. ಅಕ್ಟೋಬರ್ ಕೊನೆಗೆ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋ ತಂಡಕ್ಕೆ ಕೊಟ್ಟರು. ಸಿಕ್ಕಿದ್ದು ಹೊಸ ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಮುಂದಿನ ಡ್ರಾಫ್ಟಿನ ಎರಡನೇ ಸುತ್ತಿನಲ್ಲಿ ಒಬ್ಬನನ್ನು ಆರಿಸುವ ಹಕ್ಕು, ಅಷ್ಟೇ. ಬೇಸಿಗೆಯಲ್ಲೇ ಕೊಟ್ಟಿದ್ದರೆ ಜಾಸ್ತಿ ಸಿಗುತ್ತಿತ್ತು ಅಂತ ಇವನ ಹೊಟ್ಟೆಯುರಿ.

ಬೇಸಿಗೆ ಅಂದದ್ದೇ ತಡ, ನನಗೆ ನಮ್ಮ ಎರಡನೇ ಕೂಲರ್ ನೆನಪಾಯಿತು.

ಮಗಳ ಪರೀಕ್ಷೆ ಇದ್ದ ವರ್ಷ ಅವಳ ಕೋಣೆಗೆ ಅಂತ ತಂದ ಸಣ್ಣ ತಗಡಿನ ಕೂಲರ್ ಅದು. ಒಂದೇ ಬೇಸಿಗೆ ಓಡಿತ್ತು. ಗಾಳಿ ಏನು ಗಾಳಿ! ಮಗಳು ಹೈದರಾಬಾದಿಗೆ ಹೋದಳು, ಕೂಲರ್ ಮಾಳಿಗೆ ಹತ್ತಿತು. ಹಾಲ್‌ನಲ್ಲಿ ದೊಡ್ಡದು ಇತ್ತಲ್ಲ, ಲಾರಿ ಏರಿ ಹತ್ತುವ ಹಾಗೆ ಸದ್ದು ಮಾಡುತ್ತಿದ್ದದ್ದು. ಅದಕ್ಕೆ 14 ವರ್ಷ, ಮೋಟರ್ ಎರಡು ಸಲ ಸುತ್ತಿಸಿದ್ದೆ.

ಶರಣಬಸವೇಶ್ವರ ಜಾತ್ರೆ ಮುಗಿದ ವಾರ ಪಕ್ಕದ ಮನೆಯವನು ಬಂದ. "ಮಾಮಾ, ಮ್ಯಾಲೆ ಸುಮ್ನೆ ಇಟ್ಟೀರಿ. 2500 ಕೊಡ್ತೀನಿ ನೋಡ್ರಿ."

ನಮ್ಮ ಮನೆಯಾಕೆ ಕೊಡಿ ಅಂದಳು. ನಾನು ಕೊಡಲಿಲ್ಲ. ಮೇ ತಿಂಗಳಲ್ಲಿ ದೊಡ್ಡದು ಕೈ ಕೊಟ್ಟರೆ ಯಾರು ಹೊಣೆ? ಮರುವರ್ಷ ಅವನು 1800 ಅಂದ. ನನಗೆ ಸಿಟ್ಟು ಬಂತು. ಒಂದು ದಿನವೂ ಓಡದ ವಸ್ತುವಿನ ಬೆಲೆ ಹೇಗೆ ಇಳಿಯುತ್ತದೆ ರೀ? ಮೂರನೇ ವರ್ಷ ಅವನು ಕಂತಿನ ಮೇಲೆ ಎಸಿ ತಂದ. ಆಮೇಲೆ ಕೇಳುವುದನ್ನು ಬಿಟ್ಟದ್ದಲ್ಲದೆ, ಬನ್ನಿ ಮಾಮಾ ತಂಪಿನಲ್ಲಿ ಕೂಡ್ರಿ ಅಂತ ಕರೆಯಲು ಶುರು ಮಾಡಿದ. ಅದನ್ನು ನಾನು ಇನ್ನೂ ಮರೆತಿಲ್ಲ.

ದೊಡ್ಡ ಕೂಲರ್ ಮಾತ್ರ ಕೈ ಕೊಡಲೇ ಇಲ್ಲ. ಬ್ರೇಡಿ ಥರವೇ, ಹಟಕ್ಕೆ ಬಿದ್ದು ಓಡಿತು. ನಾಲ್ಕನೇ ಬೇಸಿಗೆ, ಮೇ ತಿಂಗಳ ಒಂದು ಮಧ್ಯಾಹ್ನ, ಕೊನೆಗೂ ಸುಟ್ಟ ವಾಸನೆ ಬಂತು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ನೋಡು, ನಾನು ಹೇಳಿರಲಿಲ್ಲವಾ ಅಂತ ಮಾಳಿಗೆ ಹತ್ತಿ ಪ್ಲಾಸ್ಟಿಕ್ ಹಾಳೆ ತೆಗೆದರೆ ಒಳಗೆ ಪಾರಿವಾಳ ಎರಡು ಮೊಟ್ಟೆ ಇಟ್ಟು ಕೂತಿದೆ, ಮರಿ ಹಾರುವ ತನಕ ಮುಟ್ಟಬೇಡಿ ಅಂತ ಮನೆಯಾಕೆಯ ಆಜ್ಞೆ, ಹೀಗಾಗಿ ಇಡೀ ತಿಂಗಳು ನಾವು ಒದ್ದೆ ಟವೆಲ್ ಹೊದ್ದು ಮಲಗಿ, ಮರಿ ಹಾರಿದ ಮೇಲೆ ಇಬ್ಬರು ಹಿಡಿದು ಅದನ್ನು ಇಳಿಸಿ, ಇದ್ದಬದ್ದ ನಾಲ್ಕು ಕೊಡ ನೀರು ಸುರಿದು ಬಟನ್ ಒತ್ತಿದೆವು. ತಳವೆಲ್ಲ ತುಕ್ಕು. ನೀರು ಅಷ್ಟೂ ಹಾಲ್‌ಗೆ ಹರಿಯಿತು. ಮತ್ತೆ ನಳ ಬರಲು ಇನ್ನೂ ಮೂರು ದಿನ ಇತ್ತು.

ಗುಜರಿಯವನು ಕಿಲೋ ಲೆಕ್ಕದಲ್ಲಿ 250 ರೂಪಾಯಿ ಕೊಟ್ಟ.

ಇಲ್ಲಿಗೆ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮುಂದಿನ ಬೇಸಿಗೆ ನಮ್ಮ ಓಣಿ ತಿರುವಿನ ಪಂಕ್ಚರ್ ಅಂಗಡಿಯಲ್ಲಿ ಅದೇ ಕೂಲರ್! ತಳಕ್ಕೆ ಹೊಸ ತಗಡು, ಮೈಗೆ ಹಸಿರು ಬಣ್ಣ. ಆದರೆ ಮಗಳು ಅಂಟಿಸಿದ್ದ ನಕ್ಷತ್ರದ ಸ್ಟಿಕರ್ ಬಣ್ಣದ ಅಡಿಯಲ್ಲಿ ಉಬ್ಬಿಕೊಂಡಿತ್ತು. ಗಾಳಿ ರಸ್ತೆಯ ತನಕ ಬರುತ್ತಿತ್ತು.

"ಹಲೋ, ಕಾಕಾ? ಇದ್ದೀರೋ?"

ಇವನು ಇನ್ನೂ ಲೈನಿನಲ್ಲಿದ್ದ. ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ಹುಡುಗ ಆ ಹಂಗಾಮಿನಲ್ಲಿ ಮೊದಲಿನಿಂದ ಆಡಿದ ಐದು ಪಂದ್ಯಗಳನ್ನೂ ಗೆದ್ದನಂತೆ. 2020ರ ಫೆಬ್ರವರಿಯಲ್ಲಿ ತಂಡವನ್ನು ಸೂಪರ್ ಬೌಲ್ ಅನ್ನುವ ಫೈನಲ್ ತನಕ ಒಯ್ದು ಅಲ್ಲಿ ಸೋತ. ಅದಕ್ಕೂ ಹಿಂದಿನ ವರ್ಷವೇ ಮುದುಕ ಬ್ರೇಡಿ ಪೇಟ್ರಿಯಟ್ಸ್‌ಗೆ ಇನ್ನೊಂದು ಸೂಪರ್ ಬೌಲ್ ಗೆದ್ದುಕೊಟ್ಟಿದ್ದ. ಹಾಗಾದರೆ ಕೊಟ್ಟದ್ದು ಸರಿಯಾಯಿತಲ್ಲಪ್ಪಾ ಅಂದೆ. "ಹಂಗಲ್ಲ ಕಾಕಾ, ಬ್ರೇಡಿನೂ ಬೆಂಚಿನಿಂದಲೇ ಬಂದವ. 2001ರಾಗ ಅವನ ಮುಂದಿದ್ದ ಬ್ಲೆಡ್ಸೋಗೆ ಪೆಟ್ಟು ಬೀಳದಿದ್ರ..." ಅಂತ ಮತ್ತೆ ಮೊದಲಿನಿಂದ ಶುರು ಮಾಡಿದ. ಅಷ್ಟರಲ್ಲಿ ಡ್ರಮ್ ತುಂಬಿ ಹರಿದು, ನಳ ನಿಂತು, ಕೊಡಗಳು ಖಾಲಿ ಉಳಿದಿದ್ದವು. ನಿಮ್ಮ ಕಾಕಿಗೆ ನೀನೇ ಹೇಳು ಅಂತ ಫೋನ್ ಅವಳ ಕೈಗಿಟ್ಟು ಸ್ಕೂಟರ್ ತೆಗೆದೆ.

ಪಂಕ್ಚರ್ ಅಂಗಡಿಯ ಹುಡುಗ ನನ್ನನ್ನು ನೋಡಿ ನಕ್ಕ.

"ನಿನ್ನೇನೇ ಹವಾ ಹಾಕೀನಲ್ರಿ ಕಾಕಾ."

ಇನ್ನೊಮ್ಮೆ ನೋಡಪ್ಪಾ ಅಂದು, ಕೂಲರ್ ಎದುರಿನ ಸ್ಟೂಲ್ ಮೇಲೆ ಕೂತೆ.