ಕಲ್ಲು ಕೊಟ್ಟರೂ ಬೇಡವೆಂದ ಪಿಕಾಚು

ಪೊಕೆಮಾನ್ ಆಟಗಳಲ್ಲಿ ಶುರುವಿಗೇ ಕೈಗೆ ಸಿಗುವ ‘ಸ್ಪೆಷಲ್’ ಜೊತೆಗಾರರ ಮಾತು ಬಂದರೆ, 1998ರ ಯೆಲ್ಲೋ ಆವೃತ್ತಿಯ ಪಿಕಾಚುವಿಗೆ ಸಾಟಿ ಇನ್ನೂ ಹುಟ್ಟಿಲ್ಲ ಅನ್ನೋದು ನನ್ನ ವಾದ. ನಿಂಟೆಂಡೊ ಕಂಪನಿಯ ಸ್ವಿಚ್ ಯಂತ್ರದಲ್ಲಿ ಲೆಟ್ಸ್ ಗೋ ಪಿಕಾಚು, ಲೆಟ್ಸ್ ಗೋ ಈವೀ ಆಡಿ ಬೆಳೆದವರು ಜಗಳಕ್ಕೆ ಬರುತ್ತಾರೆ, ಗೊತ್ತು. ಬರಲಿ. ಇವತ್ತು ಭಾನುವಾರ, ನನಗೂ ಬೇರೆ ಕೆಲಸ ಇಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪೊಕೆಮಾನ್ ಅಂದರೆ ಚೆಂಡಿನಲ್ಲಿ ಹಿಡಿದು, ಸಾಕಿ, ಯುದ್ಧಕ್ಕಿಳಿಸುವ ವಿಚಿತ್ರ ಪ್ರಾಣಿಗಳು. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರಕ್ಕೆ ರೆಡ್ ಮತ್ತು ಗ್ರೀನ್ ಎಂಬ ಮೊದಲ ಆಟಗಳು ಬಂದಾಗ ಹಾಕಿಕೊಟ್ಟ ಪದ್ಧತಿ ಇದು: ಪ್ರೊಫೆಸರ್ ಓಕ್ ಮೂರು ಚೆಂಡು ಮುಂದಿಡುತ್ತಾರೆ. ಗಿಡದ ಬಲ್ಬಸಾರ್, ಬೆಂಕಿಯ ಚಾರ್ಮ್ಯಾಂಡರ್, ನೀರಿನ ಸ್ಕ್ವರ್ಟಲ್. ನೀವೊಂದು ಎತ್ತಿಕೊಂಡ ಕೂಡಲೇ ಅವರ ಮೊಮ್ಮಗ, ಅಂದರೆ ನಿಮ್ಮ ಎದುರಾಳಿ, ನಿಮ್ಮದನ್ನು ಸೋಲಿಸುವಂಥದ್ದನ್ನೇ ಹೆಕ್ಕಿಕೊಳ್ಳುತ್ತಾನೆ. ಇವತ್ತಿಗೂ ಹೊಸ ಆಟ ಬಂದಾಗಲೆಲ್ಲ ಯಾವ ಸ್ಟಾರ್ಟರ್, ಅಂದರೆ ಮೊದಲ ಪೊಕೆಮಾನ್, ತಗೊಳ್ತೀಯ ಅನ್ನುವ ಚರ್ಚೆಯಿಂದಲೇ ಗದ್ದಲ ಶುರುವಾಗೋದು.

ಯೆಲ್ಲೋದಲ್ಲಿ ಆ ಆಯ್ಕೆಯನ್ನೇ ಕಿತ್ತುಹಾಕಿದರು. 1997ರಲ್ಲಿ ಶುರುವಾದ ಟಿವಿ ಸರಣಿಯಲ್ಲಿ ನಾಯಕ ಆ್ಯಶ್‌ನ ಹಿಂದೆ ಓಡಾಡುವ ಪಿಕಾಚು ಮಕ್ಕಳ ತಲೆಗೇರಿತ್ತು. ಹಾಗಾಗಿ ಆಟದಲ್ಲೂ ಅದನ್ನೇ ಕೊಡಬೇಕಾಯಿತು. ಆದರೆ ಕೊಟ್ಟ ರೀತಿ ನೋಡಿ. ಓಕ್‌ರ ಮೇಜಿನ ಮೇಲೆ ಇರೋದು ಒಂದೇ ಚೆಂಡು, ಅದರೊಳಗೆ ಈವೀ ಅನ್ನುವ ಇನ್ನೊಂದು ಪೊಕೆಮಾನ್. ನೀವು ಕೈ ಹಾಕುವ ಮೊದಲೇ ಮೊಮ್ಮಗ ಅದನ್ನು ಕಸಿದುಕೊಳ್ಳುತ್ತಾನೆ. ಓಕ್ ಸ್ವಲ್ಪ ಹೊತ್ತಿನ ಹಿಂದಷ್ಟೇ ಊರಾಚೆಯ ಹುಲ್ಲಿನಲ್ಲಿ ಹಿಡಿದ ಒಂದು ಕಾಡು ಪಿಕಾಚುವನ್ನು, ಬೇರೆ ದಾರಿ ಕಾಣದೆ, ನಿಮ್ಮ ಕೈಗಿಡುತ್ತಾರೆ. ಅಂದರೆ ಮೂವತ್ತು ವರ್ಷಗಳಿಂದ ಜಗತ್ತೆಲ್ಲ ಹಾಡಿ ಹೊಗಳುವ ಜೊತೆಗಾರ ನಿಮಗೆ ಸಿಗೋದು ಉಳಿದದ್ದಾಗಿ! ಅದಕ್ಕೂ ನಿಮ್ಮ ಮೇಲೆ ಆಗ ಅಂಥ ಪ್ರೀತಿಯೇನೂ ಇರೋದಿಲ್ಲ. ಚೆಂಡಿನೊಳಗೆ ಇರಲು ಒಲ್ಲದ್ದರಿಂದ ಹಿಂದೆ ನಡೆದು ಬರುತ್ತದೆ, ಅಷ್ಟೇ.

ತಿರುಗಿ ನಿಂತು ಎ ಬಟನ್ ಒತ್ತಿದರೆ ಪರದೆ ಮೇಲೆ ಅದರ ಮುಖ ಬರುತ್ತದೆ. ಮೊದಮೊದಲು ಮುಖ ಸಿಂಡರಿಸಿಕೊಂಡಿರುತ್ತದೆ. ಮದ್ದು ಹಾಕಿ, ಲೆವೆಲ್ ಏರಿಸಿ, ಯುದ್ಧದಲ್ಲಿ ಬೀಳದ ಹಾಗೆ ನೋಡಿಕೊಂಡರೆ ನಿಧಾನಕ್ಕೆ ನಗು ಬರುತ್ತದೆ. ಬೇಡದ ಪೊಕೆಮಾನ್‌ಗಳನ್ನು ಇಟ್ಟಿಡುವ ಪಿಸಿಯೊಳಗೆ ತಳ್ಳಿದರೆ ಮತ್ತೆ ಮುನಿಸು. ಧ್ವನಿ ಟಿವಿಯಲ್ಲಿ ಕೇಳಿದ್ದೇ, ಇಕುಯೆ ಓತಾನಿಯವರದ್ದು. ಗೇಮ್ ಬಾಯ್‌ನ ಆ ಕೀರಲು ಸ್ಪೀಕರ್‌ನಲ್ಲಿ ಅದು ಹರಿದ ಬಟ್ಟೆಯಂತೆ ಕೇಳಿಸುತ್ತದೆ, ಆದರೂ ಅದೇ ಎಂದು ಗೊತ್ತಾಗುತ್ತದೆ. ಪ್ಯೂಟರ್ ಊರಿನ ಪೊಕೆಮಾನ್ ಸೆಂಟರ್‌ನಲ್ಲಿ, ಅಂದರೆ ಪೊಕೆಮಾನ್ ಆಸ್ಪತ್ರೆಯಲ್ಲಿ, ಜಿಗ್ಲಿಪಫ್ ಅನ್ನುವ ಪೊಕೆಮಾನ್ ಹಾಡಿಗೆ ನಿಮ್ಮ ಪಿಕಾಚು ಅಲ್ಲೇ ಮಲಗಿಬಿಡುತ್ತದೆ, ಎಬ್ಬಿಸುವ ತನಕ ಹಿಂದೆ ಬರುವುದಿಲ್ಲ. ಇದರಿಂದ ಆಟಕ್ಕೆ ಕಿಂಚಿತ್ತೂ ಲಾಭವಿಲ್ಲ. ಆದರೂ ಯಾರೋ ಕೂತು ಪ್ರೋಗ್ರಾಂ ಮಾಡಿದ್ದಾರೆ. ಆ ಪುಣ್ಯಾತ್ಮರಿಗೆ ನಮಸ್ಕಾರ.

ಇನ್ನು ಕಷ್ಟದ ವಿಷಯ. ಆಟದಲ್ಲಿ ಊರೂರಿನ ಜಿಮ್‌ಗಳ ಮುಖ್ಯಸ್ಥರನ್ನು ಸೋಲಿಸುತ್ತ ಹೋಗಬೇಕು. ಮೊದಲ ಜಿಮ್‌ನಲ್ಲಿ ಬ್ರಾಕ್, ಅವನ ಬಳಿ ಜಿಯೋಡ್ಯೂಡ್ ಮತ್ತು ಆನಿಕ್ಸ್. ಎರಡೂ ಕಲ್ಲು, ಎರಡೂ ನೆಲದವು. ಪಿಕಾಚುವಿನ ಅಸ್ತ್ರ ಕರೆಂಟು, ಅದು ಇವಕ್ಕೆ ತಾಗುವುದೇ ಇಲ್ಲ. ಟಿವಿಯಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ನೀರು ಸುರಿದು ಆನಿಕ್ಸ್ ಒದ್ದೆಯಾಗಿ ಆ್ಯಶ್ ಬಚಾವಾದ. ಆಟದಲ್ಲಿ ಎಲ್ಲಿಯ ಸ್ಪ್ರಿಂಕ್ಲರ್? 22ನೇ ರೂಟ್‌ಗೆ ಹೋಗಿ ಗುದ್ದಾಟದ ಮ್ಯಾಂಕಿ ಹಿಡಿಯಬೇಕು, ಇಲ್ಲವೇ ನಿಡೊರಾನ್‌ಗೆ ಡಬಲ್ ಕಿಕ್ ಅನ್ನುವ ಪಟ್ಟು ಬರುವವರೆಗೆ ಹುಲ್ಲಿನಲ್ಲಿ ಅಲೆಯಬೇಕು. ನಿಮ್ಮ ಮುಖ್ಯ ಜೊತೆಗಾರ ಮೊದಲ ಪರೀಕ್ಷೆಯಲ್ಲೇ ಪ್ರೇಕ್ಷಕ. ನಮ್ಮಲ್ಲಿ ಗೇಮ್ ಬಾಯ್ ಕಂಡವರಿಗಿಂತ ಕಂಪ್ಯೂಟರಿನಲ್ಲಿ ಅದರ ನಕಲು ಮಾಡುವ ಎಮ್ಯುಲೇಟರ್ ಹಾಕಿ ಆಡಿದವರೇ ಜಾಸ್ತಿ. ಅವರಲ್ಲಿ ಎಷ್ಟೋ ಜನ ಬ್ರಾಕ್ ಮುಂದೆ ತಲೆ ಚಚ್ಚಿಕೊಂಡು ಸ್ಪೀಡ್ ಹೆಚ್ಚಿಸುವ ಬಟನ್ ಒತ್ತಿದವರೇ.

ಮೂರನೇ ಜಿಮ್ ಇನ್ನೂ ಚೆಂದ. ಲೆಫ್ಟಿನೆಂಟ್ ಸರ್ಜ್‌ನ ಬಳಿ ಒಂದೇ ಒಂದು ಪೊಕೆಮಾನ್, 28ನೇ ಲೆವೆಲ್‌ನ ರಾಯ್ಚು. ಪಿಕಾಚುವಿನ ಬೆಳೆದ ರೂಪ. ನಿಮ್ಮದಕ್ಕೆ ಹಾಗೆ ಬೆಳೆಸುವ ಥಂಡರ್ ಸ್ಟೋನ್ ಎಂಬ ಕಲ್ಲು ಕೊಡಲು ಹೋಗಿ ನೋಡಿ, ಒಪ್ಪುವುದಿಲ್ಲ. ಯೆಲ್ಲೋದಲ್ಲಿ ಬೇರೆ ಕಾಡು ಪಿಕಾಚುವೂ ಸಿಗುವುದಿಲ್ಲ, ಹಾಗಾಗಿ ಆ ಕಾರ್ಟ್ರಿಜ್ ಒಂದರಲ್ಲೇ ರಾಯ್ಚು ಮಾಡಿಕೊಳ್ಳುವ ದಾರಿಯೇ ಇಲ್ಲ. ಒಂದು ಕಳ್ಳದಾರಿ ಮಾತ್ರ ಇದೆ: ಕೇಬಲ್ ಹಾಕಿ ಗೆಳೆಯನ ರೆಡ್ ಅಥವಾ ಬ್ಲೂ ಆವೃತ್ತಿಗೆ ದಾಟಿಸಿದರೆ ಅಲ್ಲಿ ಅದೇ ಪಿಕಾಚು ಕಲ್ಲು ತಗೊಂಡು ರಾಯ್ಚು ಆಗಿಬಿಡುತ್ತದೆ. ವಾಪಸ್ ತಂದರೆ ನಿಮ್ಮ ಹಿಂದೆ ನಡೆಯುವುದಿಲ್ಲ. ನಿಮ್ಮೆದುರು ಹಠ ಹಿಡಿದದ್ದು ಬೇರೆಯವರ ಮನೆಯಲ್ಲಿ ಸುಮ್ಮನೆ ಹೂಂ ಅಂದಿತು ಅನ್ನೋದಕ್ಕಿಂತ ದೊಡ್ಡ ಏಟು ಒಬ್ಬ ಹನ್ನೆರಡರ ಹುಡುಗನಿಗೆ ಇನ್ನೇನು ಬೇಕು?

ಆಯ್ಕೆ ಕಿತ್ತುಕೊಂಡದ್ದಕ್ಕೆ ಪರಿಹಾರವಾಗಿ ಹಳೆಯ ಮೂರೂ ಸ್ಟಾರ್ಟರ್‌ಗಳು ದಾರಿಯಲ್ಲಿ ಬಿಟ್ಟಿ ಸಿಗುತ್ತವೆ. ಅದರಲ್ಲೂ ಬಲ್ಬಸಾರ್ ಸಾಕಿಕೊಂಡಿರುವ ಸೆರುಲಿಯನ್ ಊರಿನ ಹುಡುಗಿ, ನಿಮ್ಮ ಪಿಕಾಚು ಸಾಕಷ್ಟು ಖುಷಿಯಾಗಿದ್ದರೆ ಮಾತ್ರ ಅದನ್ನು ಕೊಡುತ್ತಾಳೆ. ಜಿಮ್ ಗೆದ್ದ ಬ್ಯಾಡ್ಜ್ ಕೇಳಲ್ಲ, ಲೆವೆಲ್ ಕೇಳಲ್ಲ. ಮನೆಯಲ್ಲಿರೋದನ್ನು ಚೆನ್ನಾಗಿ ನೋಡಿಕೊಂಡಿದ್ದೀಯಾ ಅಂತ ಮಾತ್ರ ನೋಡುತ್ತಾಳೆ. ಇಡೀ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದ ಷರತ್ತು ಇದು.

ಈಗ ಲೆಟ್ಸ್ ಗೋಗೆ ಬರೋಣ. 2018ರ ನವೆಂಬರ್‌ನಲ್ಲಿ ಬಂತು, ಯೆಲ್ಲೋದ್ದೇ ಮರುರೂಪ. ಇಲ್ಲಿಯ ಜೊತೆಗಾರ ಪಿಕಾಚು ನಿಮ್ಮ ಭುಜದ ಮೇಲೆ, ಈವೀ ತಲೆಯ ಮೇಲೆ ಕೂರುತ್ತವೆ. ಟೋಪಿ ಹಾಕಬಹುದು, ಸವರಬಹುದು, ಹಣ್ಣು ತಿನ್ನಿಸಬಹುದು. ಮುದ್ದು ಅನ್ನೋದರಲ್ಲಿ ತಕರಾರಿಲ್ಲ. ತಕರಾರು ಅಂಕಿಗಳದ್ದು. ಸಾಮಾನ್ಯ ಪಿಕಾಚುವಿನ ಮೂಲಬಲ ಒಟ್ಟು 320, ಜೊತೆಗಾರ ಪಿಕಾಚುವಿನದ್ದು 430. ಈವೀ 325 ಇದ್ದದ್ದು 435. ಹುಟ್ಟುಗುಣದ ಆರೂ ಅಂಕಗಳು 31ಕ್ಕೆ 31. ಜೊತೆಗೆ ಬೇರೆ ಯಾರಿಗೂ ಇಲ್ಲದ ಪಟ್ಟುಗಳು: ಜಿಪ್ಪಿ ಜ್ಯಾಪ್ ಅನ್ನುವುದೊಂದು ಎದುರಾಳಿಗಿಂತ ಮೊದಲೇ ಹೊಡೆಯುತ್ತದೆ, ಹೊಡೆದದ್ದೆಲ್ಲ ಕ್ರಿಟಿಕಲ್, ಅಂದರೆ ಮಾಮೂಲಿಗಿಂತ ಜೋರು ಏಟು. ಬ್ರಾಕ್ ಹತ್ತಿರ ಹೋಗುವಷ್ಟರಲ್ಲಿ ಪಿಕಾಚುವೇ ಡಬಲ್ ಕಿಕ್ ಕಲಿತಿರುತ್ತದೆ. ಸಾಲದ್ದಕ್ಕೆ ಗಿಡದ್ದೋ ನೀರಿನದ್ದೋ ಒಂದು ಪೊಕೆಮಾನ್ ಇಲ್ಲದಿದ್ದರೆ ಜಿಮ್ ಬಾಗಿಲಲ್ಲೇ ತಡೆದು ವಾಪಸ್ ಕಳಿಸುತ್ತಾರೆ, ಎಲ್ಲಿ ಸೋತು ಅತ್ತುಬಿಡುತ್ತೀರೋ ಅಂತ. ಪ್ರೀತಿ ಹೆಚ್ಚಿದ್ದರಂತೂ ಬಿದ್ದೇಹೋಗಬೇಕಾದ ಏಟು ತಿಂದೂ ಒಂದು ಪಾಯಿಂಟ್ ಜೀವ ಇಟ್ಟುಕೊಂಡು ನಿಲ್ಲುತ್ತದೆ. ಸೋದರಮಾವನೇ ಅಂಪೈರ್ ಆಗಿರುವ ಗಲ್ಲಿ ಕ್ರಿಕೆಟ್ಟಿನಲ್ಲಿ ಬ್ಯಾಟಿಂಗ್ ಮಾಡಿದ ಹಾಗೆ.

ಮಕ್ಕಳ ಆಟ ಮಾರಾಯ, ಫೋನಿನಲ್ಲಿ ಪೊಕೆಮಾನ್ ಗೋ ಆಡಿದವರನ್ನು ಕೈಹಿಡಿದು ಕರೆತರಲು ಮಾಡಿದ್ದು ಅಂತೀರಿ. ಒಪ್ಪಿದೆ. ಸುಲಭವಾಗಿರಲಿ. ಆದರೆ ಕಲ್ಲು ಬೇಡ ಅನ್ನುವ ಆ ಹಠ ಇಲ್ಲೂ ಹಾಗೇ ಇದೆಯಲ್ಲ, ಅದಕ್ಕೇನು ಅರ್ಥ ಉಳಿಯಿತು? ಯೆಲ್ಲೋದಲ್ಲಿ ಆ ಹಠಕ್ಕೆ ನೀವು ದಂಡ ಕಟ್ಟುತ್ತಿದ್ದಿರಿ. ಬಲವಿಲ್ಲದ್ದು ಎಂದು ಗೊತ್ತಿದ್ದೂ ಜಾಗ ಕೊಟ್ಟಿರಿ. ಇಲ್ಲಿ ಅದು ರಾಯ್ಚು ಆಗದೇ ರಾಯ್ಚು ಹತ್ತಿರಕ್ಕೆ ಬಂದು ನಿಂತಿದೆ. ಬೇಡ ಅಂದದ್ದರಿಂದ ಕಳೆದುಕೊಂಡದ್ದು ಅಂಥದ್ದೇನೂ ಇಲ್ಲ.

ಈವೀಗೆ ಮಾಡಿದ್ದು ಇನ್ನೂ ಅನ್ಯಾಯ. ಈವೀ ಅಂದರೇನೇ ಎಂಟು ದಾರಿ ಕೂಡುವ ಸರ್ಕಲ್, ಎಂಟು ಬೇರೆ ಬೇರೆ ರೂಪಗಳಲ್ಲಿ ಯಾವುದಾದರೂ ಒಂದಾಗಿ ಬೆಳೆಯಬಲ್ಲದು. 2005ರಲ್ಲಿ ಗೇಮ್‌ಕ್ಯೂಬ್ ಯಂತ್ರಕ್ಕೆ ಬಂದ ಎಕ್ಸ್‌ಡಿ ಆಟದಲ್ಲಿ ಈವೀಯನ್ನೇ ಸ್ಟಾರ್ಟರ್ ಮಾಡಿ, ಐದು ವಸ್ತು ಮುಂದಿಟ್ಟು ಒಂದನ್ನು ಆರಿಸು ಅಂದಿದ್ದರು. ಒಂದು ಎತ್ತಿದರೆ ನಾಲ್ಕು ಬಾಗಿಲು ಮುಚ್ಚಿತು. ಅದು ಈವೀ. ಲೆಟ್ಸ್ ಗೋದಲ್ಲಿ ಅದನ್ನು ಬೆಳೆಯದ ಹಾಗೆ ಕಟ್ಟಿಹಾಕಿ, ಸಮಾಧಾನಕ್ಕೆ ಎಂಟೂ ರೂಪಗಳ ಶಕ್ತಿಯನ್ನು ಎಂಟು ಪಟ್ಟುಗಳಾಗಿ ಕೊಟ್ಟರು. ಆ ಎಂಟರಲ್ಲಿ ಎಸ್ಪಿಯಾನ್, ಅಂಬ್ರಿಯಾನ್ ಸೇರಿ ಐದು ರೂಪಗಳು ಆ ಆಟದಲ್ಲೇ ಇಲ್ಲ ಅನ್ನೋದು ಬೇರೆ ತಮಾಷೆ.

ಕಂಪನಿಗೆ ಇದು ಅರ್ಥವಾಗಲೇ ಇಲ್ಲ ಅಂತಲ್ಲ. 2022ರ ಸ್ಕಾರ್ಲೆಟ್, ವಯಲೆಟ್ ಆಟಗಳಲ್ಲಿ ಸಿಗುವ ಕೊರೈಡಾನ್, ಮಿರೈಡಾನ್ ನೋಡಿ. ಡಬ್ಬಿಯ ಮೇಲೆ ಚಿತ್ರವಾಗಿರುವ ಮಹಾನ್ ಪ್ರಾಣಿ ನಿಮಗೆ ಸಿಗುವಾಗ ಸುಸ್ತಾಗಿ ಸಮುದ್ರದಂಡೆಯಲ್ಲಿ ಬಿದ್ದಿರುತ್ತದೆ, ನಿಮ್ಮ ಸ್ಯಾಂಡ್‌ವಿಚ್ ತಿಂದು ಎದ್ದು ಕೂರುತ್ತದೆ. ಬೆನ್ನ ಮೇಲೆ ಹೊತ್ತು ತಿರುಗಿಸುತ್ತದೆ, ಯುದ್ಧಕ್ಕೆ ಮಾತ್ರ ಆಗೋದಿಲ್ಲ. ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳಲ್ಲ, ಆಡದವರಿದ್ದಾರೆ. ಯೆಲ್ಲೋ ಪಿಕಾಚುವಿನ ಹತ್ತಿರಕ್ಕೆ ಬಂದದ್ದು ಅಂದರೆ ಅದೊಂದೇ.

ಹಾಗಾಗಿ ನನ್ನದೊಂದು ಬೇಡಿಕೆ. ಮತ್ತೊಂದು ಲೆಟ್ಸ್ ಗೋ ಮಾಡುವುದಾದರೆ ಜೊತೆಗಾರ ಈವೀಗೆ ಎಲ್ಲರಷ್ಟೇ 325 ಇರಲಿ. ಆಟದ ನಡುವೆ ಒಂದೇ ಒಂದು ಸಲ ಕಲ್ಲು ತಗೊಳ್ಳಲು ಒಪ್ಪಲಿ. ಒಪ್ಪಿ ಬೆಳೆದರೆ ತಲೆಯ ಮೇಲಿಂದ ಇಳಿದು ಪಕ್ಕದಲ್ಲಿ ನಡೆಯಲಿ. ಬೇಕೋ ಬೇಡವೋ ಆಡುವವರು ನಿರ್ಧರಿಸಲಿ. ಮನೆಯಲ್ಲಿ ಲೆಟ್ಸ್ ಗೋ ಆಡುವ ಅಕ್ಕನ ಮಗಳಿಗೆ ಇಷ್ಟನ್ನೂ ವಿವರಿಸಿದೆ. “ಇಳಿದ ಮೇಲೆ ಟೋಪಿ ಹಾಕೋಕಾಗುತ್ತಾ ಮಾಮ?” ಅಂದಳು. ಆಗಲ್ಲ ಅಂದೆ. “ಹಾಗಾದ್ರೆ ನಿನ್ ಗೇಮ್ ನಂಗೆ ಬೇಡ” ಅಂದಳು.