ಉಬ್ಬಿತು ಅಂದ್ರೆ ಆಯ್ತಾ ಮಾರಾಯ್ರೆ?

ಇವತ್ತು ಆದಿತ್ಯವಾರ ಬೆಳಗ್ಗೆ ನಮ್ಮ ಕಾಸರಗೋಡಿನ ಶಿರಿಯ ಹೊಳೆಯ ದಡದಲ್ಲಿ ಒಂದು ಹೊಸ ಪ್ಯಾಡಲ್ ಬೋರ್ಡ್, ನಿಂತುಕೊಂಡು ಹುಟ್ಟು ಹಾಕುವ ಹಲಗೆ. ಗಾಳಿ ತುಂಬುವ ಜಾತಿಯದ್ದು, ಬೆಲೆಯ ಚೀಟಿ ಕೂಡ ಕಿತ್ತಿಲ್ಲ. ಅದರ ಮೇಲೆ ಅಂದಾಜು ಎಪ್ಪತ್ತೈದು ಕಿಲೋದ ಒಬ್ಬ ಹುಡುಗ. ಬೋರ್ಡಿನ ನಡು ನೀರಿನೊಳಗೆ, ಎರಡು ತುದಿ ಆಕಾಶಕ್ಕೆ. ನೀರು ತುಂಬಿ ಎತ್ತಿದ ಅಡಿಕೆ ಹಾಳೆ ಹೇಗೆ ಬಾಗುತ್ತದೋ ಹಾಗೆ. ಮೂರು ಸಲ ನಿಂತ, ಮೂರು ಸಲವೂ ಬಿದ್ದ. ದಡದಲ್ಲಿದ್ದ ದೋಸ್ತಿಗಳ ತೀರ್ಪು: "ಕಮ್ಮಿ ರೇಟಿನದ್ದಲ್ವಾ, ಅಷ್ಟೇ ಅದು." ಎಷ್ಟು ಗಾಳಿ ಹೊಡೆದಿದ್ದೀರಿ ಅಂತ ಕೇಳಿದರೆ, "ಫುಲ್ ಉಬ್ಬಿದ್ಯಲ್ಲ ಅಣ್ಣ."

ಈ "ಉಬ್ಬಿದೆ" ಅನ್ನುವ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. ನನ್ನ ಪಂಪಿನ ಪುರಾಣ ಮೊದಲೇ ಕೇಳಿದವರು ಇಲ್ಲಿಂದಲೇ ಜಾರಿಕೊಳ್ಳಬಹುದು, ಬೇಜಾರಿಲ್ಲ.

ಲೆಕ್ಕ ನೋಡಿ. ಹತ್ತೂವರೆ ಅಡಿ ಉದ್ದ, 32 ಇಂಚು ಅಗಲ, 6 ಇಂಚು ದಪ್ಪದ ಬೋರ್ಡಿನ ಒಳಗೆ ಸುಮಾರು 300 ಲೀಟರ್ ಜಾಗ ಉಂಟು. ಮೊದಲ 300 ಲೀಟರ್ ಗಾಳಿ ಹೋಗುವಾಗ ಬೋರ್ಡು ಸುಮ್ಮನೆ ಬಿಚ್ಚಿಕೊಂಡು ತನ್ನ ಆಕಾರಕ್ಕೆ ಬರುತ್ತದೆ. ಪಂಪಿನ ಮುಳ್ಳು ಆಗಲೂ ಸೊನ್ನೆಯಲ್ಲೇ. (ಗೇಜು ಹಾಳು ಅಂತ ಹಿಂದೆ ಕಳಿಸುವ ಪುಣ್ಯಾತ್ಮರು ಇರುವುದು ಈ ಹಂತದಲ್ಲಿ.) ಕಣ್ಣಿಗೆ ಅದು ಫುಲ್. 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕಾದರೆ ಒಳಗೆ ಹೋಗಬೇಕಾದ ಗಾಳಿ ಹತ್ತಿರ ಹತ್ತಿರ 600 ಲೀಟರ್. ಅಂದರೆ ನಿಮ್ಮ ಕಣ್ಣು "ಉಬ್ಬಿತು" ಅಂದ ಹೊತ್ತಿಗೆ ಸರಿಯಾಗಿ ಅರ್ಧ ಕೆಲಸ ಆಗಿದೆ. ಇನ್ನು ನೂರು ಲೀಟರ್ ಹೊಡೆದು, ಬೆರಳಲ್ಲಿ ಕುಟ್ಟಿ, ಟಣ್ ಟಣ್ ಅಂತ ಕೇಳಿ ನಿಲ್ಲಿಸಿದರೆ ಆಗುವುದು 5 ಪಿಎಸ್‌ಐ. ಆ ಹುಡುಗ ನಿಂತದ್ದು ಅದರ ಮೇಲೆ.

ಒಳಗೆ ಎಂತ ಉಂಟು ಅಂತ ಗೊತ್ತಾದರೆ ಇದು ಅರ್ಥ ಆಗುತ್ತದೆ. ಮೇಲಿನ ಪದರ, ಕೆಳಗಿನ ಪದರ, ಮಧ್ಯೆ ಸಾವಿರಾರು ಪಾಲಿಯೆಸ್ಟರ್ ನೂಲು, ಎಲ್ಲ ಒಂದೇ ಉದ್ದದ್ದು. ಡ್ರಾಪ್ ಸ್ಟಿಚ್ ಅನ್ನುವುದು ಇದಕ್ಕೇ. ನೂಲು ಇಲ್ಲದಿದ್ದರೆ ಗಾಳಿ ತುಂಬಿದ್ದೇ ಅದು ದಿಂಬಿನ ಹಾಗೆ ಗುಂಡಗಾದೀತು. ಒಳಗಿನ ಗಾಳಿ ಎರಡು ಪದರವನ್ನು ಹೊರಗೆ ನೂಕುತ್ತದೆ, ನೂಲು ಒಳಗೆ ಎಳೆಯುತ್ತದೆ, ಪದರಗಳು ಬಿಗಿಯಾಗುತ್ತವೆ. ಒತ್ತಡ ಕಮ್ಮಿ ಇದ್ದರೆ ಮೇಲಿನ ಪದರ ನಿಮ್ಮ ಕಾಲಡಿಯಲ್ಲಿ ಮಡಚುತ್ತದೆ, ಬೋರ್ಡು ನಡುವಿನಲ್ಲಿ ಕುಸಿಯುತ್ತದೆ. ಕುಸಿದ ಬೋರ್ಡು ಮುಂದೆ ಹೋಗುವುದಿಲ್ಲ, ಎರಡೂ ಬದಿಗೆ ಓಲಾಡುತ್ತದೆ. ನಿಂತವನಿಗೆ ತನಗೆ ಬ್ಯಾಲೆನ್ಸ್ ಇಲ್ಲ ಅಂತ ಅನ್ನಿಸುತ್ತದೆ. ಪಾಪ, ತಪ್ಪು ಅವನ ಕಾಲಿನದ್ದಲ್ಲ.

ಹಾಗಾದರೆ ಜನ ಅರ್ಧದಲ್ಲಿ ಯಾಕೆ ನಿಲ್ಲಿಸುತ್ತಾರೆ? ಸೋಮಾರಿತನ ಅಂತ ನಾನೂ ಬೈಯುತ್ತಿದ್ದೆ. ಬೈಯಬೇಕಾದ್ದು ಪಂಪನ್ನು. ಕಮ್ಮಿ ಬೆಲೆಯ ಸೆಟ್ಟಿನಲ್ಲಿ ಕಂಪೆನಿಯವರು ದುಡ್ಡು ಉಳಿಸುವುದು ಇಲ್ಲೇ. ಬ್ಯಾಗು, ಮೊಬೈಲ್ ಹಾಕುವ ಪ್ಲಾಸ್ಟಿಕ್ ಚೀಲ, ಕೂತುಕೊಳ್ಳುವ ಸೀಟು ಎಲ್ಲ ಕೊಟ್ಟು "12 ವಸ್ತುಗಳ ಕಿಟ್" ಅಂತ ಮೆರೆಸುತ್ತಾರೆ. ಪಂಪು ಮಾತ್ರ ಡೊಳ್ಳಿನಂಥ ದಪ್ಪದ್ದು. ಸಿಲಿಂಡರಿನ ಒಳವ್ಯಾಸ 4 ಇಂಚು ಇದ್ದರೆ 15 ಪಿಎಸ್‌ಐ ಹತ್ತಿರ ಅದರ ಹಿಡಿ ಕೆಳಗೆ ಹೋಗಲು ಬೇಕಾದ ಭಾರ ಸುಮಾರು 85 ಕಿಲೋ. 3 ಇಂಚು ಇದ್ದರೆ 48 ಕಿಲೋ. ಈಗ ಹೇಳಿ, 60 ಕಿಲೋ ಇರುವ ಹುಡುಗಿ ಆ ದಪ್ಪ ಪಂಪಿನ ಮೇಲೆ ಎರಡು ಕಾಲು ಎತ್ತಿ ನೇತಾಡಿದರೂ ಮುಳ್ಳು 15ಕ್ಕೆ ಹೋದೀತಾ? ಹೋಗುವುದೇ ಇಲ್ಲ. ತೋಟಕ್ಕೆ ಮದ್ದು ಬಿಡುವಾಗ ಕೆಳಗೆ ಕೂತು ಪಂಪು ಎಳೆದವರಿಗೆ ಇದನ್ನೆಲ್ಲ ವಿವರಿಸುವ ಅಗತ್ಯವೇ ಇಲ್ಲ.

ಆದ್ದರಿಂದ ಬೋರ್ಡು ಆರಿಸುವಾಗ ಮೊದಲು ಪಂಪಿನ ಹೊಟ್ಟೆ ಅಳೆಯಿರಿ. ಪಂಪು ಮೇಲಕ್ಕೆ ಎಳೆಯುವಾಗಲೂ ಕೆಳಗೆ ಒತ್ತುವಾಗಲೂ ಗಾಳಿ ಕೊಡಬೇಕು, ಅದರ ಪಕ್ಕದಲ್ಲಿ ಒಂದು ಚಿಕ್ಕ ಬಿರಡೆಯೋ ತಿರುಪೋ ಇರಬೇಕು. ಮೊದಲರ್ಧ ಎರಡೂ ಕಡೆ ಹೊಡೆಯಿರಿ. ಮುಳ್ಳು 7–8ಕ್ಕೆ ಬಂದು ಕೈ ಬಿಗಿಯತೊಡಗಿದ ಕೂಡಲೇ ಬಿರಡೆ ತೆಗೆಯಿರಿ, ಆಮೇಲೆ ಒತ್ತುವಾಗ ಮಾತ್ರ ಗಾಳಿ ಹೋಗುತ್ತದೆ, ಎಳೆಯುವುದು ಹಗುರ. ತೋಳಿನಲ್ಲಿ ಒತ್ತಬೇಡಿ. ಕೈ ನೆಟ್ಟಗೆ ಇಟ್ಟು, ಸೊಂಟ ಬಗ್ಗಿಸಿ, ಮೈಭಾರ ಹಾಕಿ. ಒಟ್ಟು ಇನ್ನೂರಕ್ಕೆ ಕಮ್ಮಿ ಇಲ್ಲದಷ್ಟು ಸಲ ಒತ್ತಬೇಕಾಗುತ್ತದೆ, ಇದನ್ನು ಯಾವ ವಿಡಿಯೋದಲ್ಲೂ ತೋರಿಸುವುದಿಲ್ಲ. ಅಲ್ಲಿ ಪಂಪು ಹೊಡೆಯುವ ಭಾಗಕ್ಕೆ ಹಾಡು ಹಾಕಿ ಓಡಿಸಿಬಿಡುತ್ತಾರೆ, ಆಮೇಲೆ "ಬಿಗಿನರ್ಸ್‌ಗೆ ಸೂಪರ್" ಅನ್ನುತ್ತಾರೆ. ಎಷ್ಟು ಪಿಎಸ್‌ಐಯಲ್ಲಿ ಸೂಪರ್ ಮಾರಾಯ್ರೆ? ಅದನ್ನೊಂದು ಹೇಳಿ ಸಾಯಿರಿ.

"ಅಷ್ಟು ತುಂಬಿದರೆ ಒಡೆದು ಹೋದೀತು" ಅಂತ ಒಂದು ವಾದ ಉಂಟು. ನಿಮ್ಮ ಬೈಕಿನ ಟಯರಿನಲ್ಲಿ ಇದರ ಎರಡು ಪಾಲು ಒತ್ತಡ ಇಟ್ಟುಕೊಂಡು ತಲಪಾಡಿಯಿಂದ ಕಾಸರಗೋಡಿಗೆ ಬರುತ್ತೀರಿ, ಆಗ ಹೆದರಿಕೆ ಇಲ್ಲ. ಬೋರ್ಡಿನ ಮೇಲೆ, ವಾಲ್ವಿನ ಹತ್ತಿರವೇ, ಎಷ್ಟು ತುಂಬಬೇಕು, ಎಷ್ಟು ಮೀರಬಾರದು ಅಂತ ಅಚ್ಚು ಹಾಕಿರುತ್ತಾರೆ, ಓದಿ. ಹೆದರಬೇಕಾದ್ದು ತುಂಬುವಾಗ ಅಲ್ಲ, ತುಂಬಿದ್ದನ್ನು ಬಿಸಿಲಿಗೆ ಹಾಕಿ ಚಾಯ ಕುಡಿಯಲು ಹೋಗುವಾಗ. ನಮ್ಮ ಏಪ್ರಿಲಿನ ಬಿಸಿಲಲ್ಲಿ ಒಳಗಿನ ಗಾಳಿ 30 ಡಿಗ್ರಿಯಿಂದ 60ಕ್ಕೆ ಏರಿದರೆ 15 ಇದ್ದದ್ದು 18 ಆಗುತ್ತದೆ. ಅಂಚಿನ ಪಟ್ಟಿಯನ್ನು ಗೋಂದಿನಲ್ಲಿ ಅಂಟಿಸಿದ ಅಗ್ಗದ ಬೋರ್ಡು ಬಾಯಿ ಬಿಡುವುದು ಆಗಲೇ. ದಡಕ್ಕೆ ತಂದರೆ ನೆರಳಿಗೆ ಹಾಕಿ, ಇಲ್ಲವಾದರೆ ಎರಡು ಮೂರು ಪಿಎಸ್‌ಐ ಬಿಡಿ. ಹಾಗೆಯೇ ಬಿಸಿಲಲ್ಲಿ 15 ತುಂಬಿ ತಣ್ಣನೆಯ ಹೊಳೆಗೆ ಇಳಿಸಿದರೆ ಒಂದು ಒಂದೂವರೆ ಇಳಿಯುತ್ತದೆ. ಅದು ಲೀಕ್ ಅಲ್ಲ. ಹತ್ತು ನಿಮಿಷ ನೀರಲ್ಲಿ ಬಿಟ್ಟು ಮತ್ತೊಮ್ಮೆ ಹೊಡೆಯಿರಿ.

ಕಾರಿನ ಕರೆಂಟಿನಲ್ಲಿ ಓಡುವ ಪಂಪು ಉಂಟಲ್ಲ ಅನ್ನುತ್ತೀರಿ. ಉಂಟು, ಒಳ್ಳೆಯದೇ. ಆದರೆ ಹೊಳೆಬದಿಯವರೆಗೆ ಕಾರು ಹೋಗಬೇಕು, ಅದರ ಬೆಲೆಯನ್ನೂ ಬೋರ್ಡಿನ ಬೆಲೆಗೆ ಸೇರಿಸಿ ಹೇಳಬೇಕು, ಒಂದು ಬೋರ್ಡು ತುಂಬಿದ ಮೇಲೆ ಅದನ್ನು ತಣಿಯಲು ಬಿಡಬೇಕು. ಟಯರಿಗೆ ಗಾಳಿ ಹಾಕುವ ಚಿಕ್ಕ ಕಂಪ್ರೆಸರಿಗೆ ಅಡಾಪ್ಟರು ಸಿಕ್ಕಿಸುವ ಬುದ್ಧಿವಂತರಿಗೆ ಒಂದೇ ಮಾತು: ಅದು 600 ಲೀಟರ್ ಕೊಡುವಷ್ಟರಲ್ಲಿ ಇಳಿತ ಆಗಿ ಹೊಳೆಯೇ ಖಾಲಿಯಾದೀತು.

ವಾಲ್ವಿನ ವಿಷಯ. ಮುಚ್ಚಳ ತೆಗೆದರೆ ನಡುವೆ ಸ್ಪ್ರಿಂಗಿನ ಒಂದು ಕಡ್ಡಿ. ತುಂಬುವಾಗ ಅದು ಮೇಲೆ ಇರಬೇಕು. ಒತ್ತಿ ತಿರುಗಿಸಿದರೆ ಕೆಳಗೆ ಕೂರುತ್ತದೆ, ಅದು ಗಾಳಿ ಬಿಡುವ ಸ್ಥಿತಿ. ಕೆಳಗೆ ಕೂತದ್ದನ್ನು ನೋಡದೆ ಇನ್ನೂರು ಸಲ ಪಂಪು ಹೊಡೆದು ಪೈಪು ತೆಗೆದರೆ ಬುಸ್ ಅಂತ ಒಂದೇ ಉಸಿರಿಗೆ ಎಲ್ಲ ಹೋಗುತ್ತದೆ. ಆ ಕ್ಷಣದ ಮನುಷ್ಯನ ಮುಖ ನೋಡಲಾಗದು. ಇನ್ನು ಹೊಸ ಬೋರ್ಡು ರಾತ್ರಿ ಬೆಳಗಾಗುವಷ್ಟರಲ್ಲಿ ಮೆತ್ತಗಾದರೆ ಗಲಾಟೆ ಮಾಡುವ ಮೊದಲು ಸಾಬೂನಿನ ನೀರು ಹಚ್ಚಿ. ಗುಳ್ಳೆ ಏಳುವುದು ವಾಲ್ವಿನ ಸುತ್ತ ಆದರೆ ಗಾಳಿ ಬಿಟ್ಟು, ಕಿಟ್ಟಿನಲ್ಲಿರುವ ಪ್ಲಾಸ್ಟಿಕ್ ಸ್ಪ್ಯಾನರಿನಿಂದ ಬಿಗಿ ಮಾಡಿ, ಹೆಚ್ಚಿನಂಶ ಅಲ್ಲಿಗೆ ಮುಗಿಯುತ್ತದೆ. ಅಂಚಿನ ಉದ್ದಕ್ಕೂ ಗುಳ್ಳೆ ಬಂದರೆ ರಿಪೇರಿ ಬೇಡ, ಹಿಂದೆ ಕಳಿಸಿ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ: ಎರಡು ತುದಿಗೆ ಎರಡೆರಡು ಕೆಂಪುಕಲ್ಲು, ಕಲ್ಲಿನ ಮೇಲೆ ಗೋಣಿ, ಅದರ ಮೇಲೆ ಬೋರ್ಡು. ಫಿನ್, ಅಂದರೆ ಬೋರ್ಡಿನ ಅಡಿಯ ರೆಕ್ಕೆ, ಮೊದಲೇ ತೆಗೆದಿಡಿ. ತುದಿಯಿಂದ ತುದಿಗೆ ಒಂದು ನೂಲು ಎಳೆದು ಕಟ್ಟಿ. ನಡುವಿನಲ್ಲಿ ಒಬ್ಬರು ನಿಲ್ಲಿ, ಇನ್ನೊಬ್ಬರು ನೂಲಿನಿಂದ ಬೋರ್ಡು ಎಷ್ಟು ತಗ್ಗಿತು ಅಂತ ಅಳೆಯಲಿ. 8ರಲ್ಲಿ ಒಮ್ಮೆ, 12ರಲ್ಲಿ ಒಮ್ಮೆ, 15ರಲ್ಲಿ ಒಮ್ಮೆ. ಮೂರು ಅಳತೆ ನೋಡಿದ ಮೇಲೆ ನನ್ನ ಈ ಉದ್ದದ ಪೋಸ್ಟಿನ ಅಗತ್ಯವೇ ಇರುವುದಿಲ್ಲ. 15ರಲ್ಲೂ ಹಾಳೆಯ ಹಾಗೆ ಬಾಗಿದರೆ ಆಗ ಹೇಳಿ, ಬೋರ್ಡು ಕಳಪೆ ಅಂತ, ನಾನೂ ಸೇರಿಕೊಂಡು ಬೈಯುತ್ತೇನೆ.

ದಪ್ಪ 6 ಇಂಚು ಇರಲಿ. 4 ಇಂಚಿನದ್ದು ಅಗ್ಗ, ಹಗುರ, ಮಕ್ಕಳಿಗೆ ಸಾಕು. ಅದೇ ಬಟ್ಟೆ, ಅದೇ ಒತ್ತಡದಲ್ಲಿ ದಪ್ಪ ಒಂದೂವರೆ ಪಾಲಾದರೆ ಗಟ್ಟಿತನ ಎರಡು ಪಾಲಿಗಿಂತ ಜಾಸ್ತಿ ಆಗುತ್ತದೆ. ಅಗಲ 32–33 ಇಂಚು. ಪೆಟ್ಟಿಗೆಯ ಮೇಲೆ "150 ಕಿಲೋ ತಡೆಯುತ್ತದೆ" ಅಂತ ಬರೆದದ್ದಕ್ಕೆ ಮರುಳಾಗಬೇಡಿ. 300 ಲೀಟರಿನ ಬೋರ್ಡು ಮುಳುಗುವುದಿಲ್ಲ, ಅದು ನಿಜ. ತೇಲುವುದು ಬೇರೆ, ಬಾಗದೆ ಇರುವುದು ಬೇರೆ. ಖಾಲಿ ಡ್ರಮ್ಮೂ ತೇಲುತ್ತದೆ, ಅದರ ಮೇಲೆ ನಿಂತು ನೋಡಿ.

2024ರ ಮಾರ್ಚಿನಲ್ಲಿ ಸಸಿಹಿತ್ಲಿನಲ್ಲಿ ಪ್ಯಾಡಲ್ ಸ್ಪರ್ಧೆ ನೋಡಿ ಬಂದವರಿಗೆಲ್ಲ ಇದರ ಮರುಳು ಹಿಡಿದದ್ದು ನನಗೆ ಸಂತೋಷವೇ. ಆದರೆ ಅಲ್ಲಿ ಹೆಚ್ಚಾಗಿ ಓಡಿದ್ದು ರೇಸಿನ ಗಟ್ಟಿ ಬೋರ್ಡುಗಳು, ನಮ್ಮ ಗಾಳಿಚೀಲದ ಜಾತಿಯೇ ಬೇರೆ.

ಫಿನ್ ಹಾಕದೆ ಹೊರಟರೆ ಎರಡು ಹುಟ್ಟು ಹಾಕಿದಲ್ಲಿಗೆ ಬೋರ್ಡು ಬುಗುರಿ. ಹಾಕಿಕೊಂಡು ಇಳಿತದ ಹೊತ್ತಿಗೆ ಮರಳ ದಿಣ್ಣೆಗೆ ಹೋದರೆ ಅದು ತಡೆದು ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ, ಮುಂದಕ್ಕೆ ಮೂಗು ಕೊಟ್ಟು ಬೀಳುತ್ತೀರಿ. ಮೊಣಕಾಲೂರಿ ಸೊಂಟದಷ್ಟು ನೀರಿಗೆ ಬನ್ನಿ, ಆಮೇಲೆ ನಡುವಿನ ಹಿಡಿಯ ಎರಡೂ ಬದಿಗೆ ಒಂದೊಂದು ಪಾದ ಇಟ್ಟು ಎದ್ದು ನಿಲ್ಲಿ. ಹುಟ್ಟಿನ ಉದ್ದ ನಿಮ್ಮ ಎತ್ತರಕ್ಕಿಂತ 8–10 ಇಂಚು ಜಾಸ್ತಿ. ಅದರ ಎಲೆ ಮುಂದಕ್ಕೆ ವಾಲಿರಬೇಕು. ಇವತ್ತಿನ ಹುಡುಗ ಅದನ್ನೂ ತಿರುಗಿಸಿಯೇ ಹಿಡಿದಿದ್ದ, ನಾನು ಹೇಳಲಿಲ್ಲ, ಪಂಪಿನ ಸಿಟ್ಟಿನಲ್ಲಿ ಮರೆತೇಹೋಯಿತು. ಅಲ್ಯುಮಿನಿಯಮ್ ಹುಟ್ಟಿನ ಜೋಡಣೆಗಳನ್ನು ಉಪ್ಪುನೀರಿನಿಂದ ಬಂದ ದಿನವೇ ಬಿಚ್ಚಿ ಸಿಹಿನೀರಲ್ಲಿ ತೊಳೆಯಿರಿ, ಇಲ್ಲವಾದರೆ ಮರಳು ಮತ್ತು ಉಪ್ಪು ಸೇರಿ ಆ ತುಂಡುಗಳು ಮತ್ತೆ ಬೇರೆಯಾಗುವುದಿಲ್ಲ.

ಲೈಫ್ ಜಾಕೆಟ್ ಬಗ್ಗೆ ಚರ್ಚೆಯೇ ಇಲ್ಲ, ಹಾಕಿ. ಹನ್ನೊಂದು ಗಂಟೆ ಕಳೆದರೆ ಕಡಲ ಗಾಳಿ ಏಳುತ್ತದೆ. ಗಾಳಿ ತುಂಬಿದ ಬೋರ್ಡು ನೀರಿನ ಮೇಲೆ ಎತ್ತರ ಕೂರುವುದರಿಂದ ಒಣಗಿದ ಎಲೆಯ ಹಾಗೆ ಹಾರುತ್ತದೆ. ಅಳಿವೆ ಬಾಗಿಲ ಹತ್ತಿರ ಇಳಿತದ ಹೊತ್ತಿಗೆ ಹೋಗಲೇಬೇಡಿ, ಚಂದ್ರಗಿರಿ ಆಗಲಿ ಮೊಗ್ರಾಲ್ ಆಗಲಿ. ಕವ್ವಾಯಿ ಹಿನ್ನೀರು ಶಾಂತ, ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಜಿಲ್ಲೆಯಲ್ಲಿಲ್ಲ. ಆದರೆ ಪಡನ್ನದ ಕಡೆ ಪಚ್ಚಿಲೆ (ಒಂದು ಜಾತಿಯ ಚಿಪ್ಪುಮೀನು) ಸಾಕುವ ಕಂಬಗಳಿಂದ ದೂರ ಇರಿ, ಅದರ ಚಿಪ್ಪು ಬ್ಲೇಡು, ಬೋರ್ಡಿಗೂ ಕಾಲಿಗೂ. ಸಾಕುವವರ ಹೊಟ್ಟೆಪಾಡು ಬೇರೆ ಅದು.

ಊರಿನ ವಾಟ್ಸಾಪ್ ಗುಂಪಿನಲ್ಲಿ ಈಗಾಗಲೇ ಒಂದು ಬೋರ್ಡು ಮಾರಾಟಕ್ಕೆ ಬಂದಿದೆ: "ಒಂದೇ ಸಲ ಉಪಯೋಗಿಸಿದ್ದು, ಬಾಗುತ್ತದೆ, ಅರ್ಧ ಬೆಲೆಗೆ ಕೊಡುತ್ತೇವೆ." ಫೋಟೋದಲ್ಲಿ 6 ಇಂಚಿನ ಬೋರ್ಡು ಸಮಾ ಉಂಟು, ಪಕ್ಕದಲ್ಲಿ ಡೊಳ್ಳು ಹೊಟ್ಟೆಯ ಪಂಪು ನಿಂತಿದೆ. ಇಂಥದ್ದು ಮಾರುವವರು ಇನ್ನೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ, ನಾನು ತಕ್ಕೊಳ್ಳುತ್ತೇನೆ. ಪಂಪು ನೀವೇ ಇಟ್ಟುಕೊಳ್ಳಿ.